ಇಲಿಯ ರಕ್ತ ಹೇಳಿದ್ದು, ತಂಗಿಯ ರಕ್ತ ಹೇಳದ್ದು

ಬೆಳಕು ಹರಿಯುವ ಹೊತ್ತಿಗೆ ಇಲಿಯಕ್ಕ ಸಂಶೋಧನಾಲಯದ ನೆಲಮಾಳಿಗೆಗೆ ಇಳಿದಿರುತ್ತಾರೆ. ಚಪ್ಪಲಿ ಹೊರಗೆ ಬಿಟ್ಟು, ನಿಲುವಂಗಿ, ಟೊಪ್ಪಿ, ಮಾಸ್ಕ್ ತೊಟ್ಟು ಒಳಬಾಗಿಲು ತೆರೆದರೆ ಉಚ್ಚೆಯ ಘಾಟು ಮೂಗಿಗೆ ಅಡರುತ್ತದೆ. ಗೋಡೆಯುದ್ದಕ್ಕೂ ಪ್ಲಾಸ್ಟಿಕ್ ಪೆಟ್ಟಿಗೆಗಳು, ಒಂದೊಂದರಲ್ಲಿ ಒಂದೊಂದು ಬಿಳಿ ಇಲಿ. ಪ್ರತಿ ಪೆಟ್ಟಿಗೆಗೂ ಎರಡು ಬಾಟಲಿ: ಒಂದರಲ್ಲಿ ಬರಿ ನೀರು, ಇನ್ನೊಂದರಲ್ಲಿ ಸಕ್ಕರೆ ನೀರು. ರಾತ್ರಿ ಯಾವುದು ಎಷ್ಟು ಇಳಿದಿದೆ ಎಂದು ತೂಗಿ ನೋಡುವುದು ದಿನದ ಮೊದಲ ಕೆಲಸ.

“ಆರಾಮಾಗಿರೋ ಇಲಿ ಸಕ್ಕರೆ ನೀರು ಬಿಟ್ಟು ಅಲ್ಲಾಡಲ್ಲ. ಕುಸಿದು ಹೋಗಿರೋದಕ್ಕೆ ಎರಡೂ ಒಂದೇ. ಸಿಹಿ ಇದ್ರೂ ಅಷ್ಟೆ, ಇಲ್ದಿದ್ರೂ ಅಷ್ಟೆ,” ಎನ್ನುತ್ತಾ ಮೂಲೆಯ ಪೆಟ್ಟಿಗೆಯ ಸಕ್ಕರೆ ನೀರಿನ ಬಾಟಲಿಯನ್ನು ಎತ್ತಿ ತೋರಿಸುತ್ತಾರೆ. ಮುಕ್ಕಾಲು ಹಾಗೇ ಉಳಿದಿದೆ. ಒಳಗಿನ ಇಲಿ ಮೈ ನೆಕ್ಕಿಕೊಳ್ಳುವುದನ್ನೂ ಬಿಟ್ಟಿದೆ. ಕೂದಲು ಜಿಡ್ಡುಗಟ್ಟಿ ನಿಂತಿದೆ.

ಈ ಇಲಿಗಳು ತಾವಾಗಿ ಕುಸಿದವಲ್ಲ. ಮನುಷ್ಯರ ಖಿನ್ನತೆಯ ಗುರುತು ಹುಡುಕಲೆಂದು ಅವನ್ನು ಕುಸಿಯುವಂತೆ ಮಾಡುವುದೂ ಇಲಿಯಕ್ಕನ ಕೆಲಸವೇ. ಹಾಸಿದ ಮರದ ಹೊಟ್ಟಿಗೆ ನೀರು ಸುರಿಯಬೇಕು, ಪೆಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಬೇಕು, ನಿದ್ದೆಯ ಹೊತ್ತಿನಲ್ಲಿ ಸದ್ದು ಮಾಡಬೇಕು, ಮಿಸುಕಲಾಗದ ಕೊಳವೆಯೊಳಗೆ ಕೂಡಿಹಾಕಬೇಕು. ವಾರಗಟ್ಟಲೆ ಇದೇ. ಮುಂದೇನು ಎಂಬುದು ಮಾತ್ರ ಇಲಿಗೆ ತಿಳಿಯಬಾರದು. ಆಮೇಲೆ ಬಾಲದಿಂದ ನಾಲ್ಕು ಹನಿ ರಕ್ತ ತೆಗೆದು, ಒತ್ತಡದ ಹಾರ್ಮೋನು ಏರಿದೆಯೇ ಎಂದು ಮೇಲಿನ ಮಹಡಿಯ ಸಂಶೋಧಕರು ನೋಡುತ್ತಾರೆ. ಕೊನೆಗೆ ಮಿದುಳು ನೋಡಬೇಕಾಗುತ್ತದೆ. ಆಗ ಪಕ್ಕದ ಕೋಣೆಗೆ ಹೋದ ಇಲಿ ತಿರುಗಿ ಬರುವುದಿಲ್ಲ. ಎತ್ತಿಕೊಂಡು ಹೋಗುವವರು ಇಲಿಯಕ್ಕನೇ.

ಗಂಡ ತೀರಿಕೊಂಡ ಮೇಲೆ ಕಸ ಗುಡಿಸಲು ಬಂದು ಸೇರಿದವರು ಅವರು. “ಇಲಿ ಕಂಡ್ರೆ ಸ್ಟೂಲ್ ಹತ್ತಿ ಕೂಗ್ತಿದ್ದವಳು ನಾನು,” ಎಂದು ನಗುತ್ತಾರೆ. ಇಲಿ ನೋಡಿಕೊಳ್ಳುತ್ತಿದ್ದವನು ಹೇಳದೆ ಕೇಳದೆ ಕೆಲಸ ಬಿಟ್ಟು ಹೋದ. ಕೆಲಸ ಇವರ ಕೊರಳಿಗೆ ಬಿತ್ತು. ಬೀದಿಯವರು ‘ಇಲಿಯಕ್ಕ’ ಎಂದು ಹೆಸರಿಟ್ಟರು. ಬೆರಳ ತುಂಬ ಕಚ್ಚಿದ ಕಲೆಗಳಿವೆ. ಎಷ್ಟು ಸೋಪು ಉಜ್ಜಿದರೂ ವಾಸನೆ ಹೋಗುವುದಿಲ್ಲ. ಬಸ್ಸಿನಲ್ಲಿ ಪಕ್ಕದವರು ಸೆರಗು ಮೂಗಿಗೆ ಹಿಡಿದು ಸರಿದು ಕೂರುತ್ತಾರೆ.

ಅವರಿಗೊಬ್ಬ ತಂಗಿಯಿದ್ದಳು. ಬಟ್ಟೆ ಕಾರ್ಖಾನೆಯಲ್ಲಿ ಹೊಲಿಯುತ್ತಿದ್ದಳು. ಬಾಯಿ ತೆರೆದರೆ ಮನೆಯಿಡೀ ಹೊಟ್ಟೆ ಹಿಡಿದುಕೊಂಡು ನಗಬೇಕು, ಅಂಥ ಮಾತುಗಾತಿ. ಕಾರ್ಖಾನೆಯಲ್ಲಿ ಹೊತ್ತುಗೊತ್ತಿಲ್ಲದ ದುಡಿಮೆ, ಎಲ್ಲರೆದುರು ಬೈಗುಳ. ಮನೆಗೆ ಬಂದರೆ ಹಾಸಿಗೆ ಹಿಡಿದ ಅತ್ತೆಯ ಆರೈಕೆ. ಯಾವಾಗ ಮಾತು ನಿಂತಿತೋ ಯಾರೂ ಗಮನಿಸಲಿಲ್ಲ.

“ಒಂದಿನ ಹೋಗಿ ನೋಡ್ತೀನಿ, ತಲೆ ಬಾಚಿಲ್ಲ. ಅವಳಿಗಿಷ್ಟ ಅಂತ ಮಿಠಾಯಿ ಒಯ್ದಿದ್ದೆ. ಕೈಯಲ್ಲಿ ಹಿಡ್ಕೊಂಡು ಹಾಗೇ ಕೂತ್ಲು. ‘ಅಕ್ಕಾ, ನನ್ನ ಕೈಲಾಗ್ತಿಲ್ಲ ಕಣೇ’ ಅಂದ್ಲು. ಇದನ್ನ ನಾನು ದಿನಾ ನೋಡ್ತೀನಲ್ಲಪ್ಪಾ ಅನ್ನಿಸ್ತು.”

ತಂಗಿಯ ಗಂಡ ಮಾತ್ರ, “ಅದೆಲ್ಲ ಕೆಲಸ ತಪ್ಪಿಸ್ಕೊಳ್ಳೋ ನಾಟಕ” ಎಂದ. ಇಲಿಯಕ್ಕ ಹಟ ಹಿಡಿದು ಆಸ್ಪತ್ರೆಗೆ ಕರೆದೊಯ್ದರು. “ರಕ್ತ ನೋಡಿ ಡಾಕ್ಟ್ರೇ, ಅದ್ರಲ್ಲಿ ಗೊತ್ತಾಗುತ್ತೆ,” ಎಂದು ಬೇಡಿಕೊಂಡರು. ಇದು ಖಿನ್ನತೆ, ಈ ಕಾಯಿಲೆಗೆ ಅಂಥ ರಕ್ತಪರೀಕ್ಷೆ ಇಲ್ಲಮ್ಮ, ಬೇರೆ ತೊಂದರೆ ಇದೆಯೇ ಎಂದಷ್ಟೇ ನೋಡಬಹುದು ಎಂದರು ವೈದ್ಯೆ. ಮಾತ್ರೆ ಬರೆದರು, ಒಬ್ಬಳನ್ನೇ ಬಿಡಬೇಡಿ ಎಂದೂ ಹೇಳಿದರು. ರಕ್ತದ ರಿಪೋರ್ಟು ಬಂತು. ಎಲ್ಲ ಸರಿಯಾಗಿಯೇ ಇತ್ತು.

ಗಂಡನಿಗೆ ಅಷ್ಟೇ ಬೇಕಿತ್ತು. “ನೋಡಿ, ನಾರ್ಮಲ್ ಅಂತ ಬರೆದವ್ರೆ. ಇನ್ನೆಲ್ಲಿಯ ರೋಗ?” ಎಂದು ರಿಪೋರ್ಟನ್ನು ಬಂದವರಿಗೆಲ್ಲ ತೋರಿಸಿದ. ಮಾತ್ರೆ ನಿಂತವು. ತಂಗಿ ಮತ್ತೆ ಹೊಲಿಗೆ ಯಂತ್ರದ ಮುಂದೆ ಕೂತಳು. ಕೆಲವೇ ವಾರಗಳಲ್ಲಿ, ಅತ್ತೆ ನಿದ್ದೆಹೋಗಿದ್ದ ಒಂದು ಮಧ್ಯಾಹ್ನ, ತನ್ನ ಜೀವ ತಾನೇ ಕಳೆದುಕೊಂಡಳು.

“ನಾನೇ ಅಲ್ವಾ ರಕ್ತ, ರಕ್ತ ಅಂತ ಬಡ್ಕೊಂಡಿದ್ದು,” ಎನ್ನುತ್ತಾರೆ ಇಲಿಯಕ್ಕ. ಕೈ ಬಾಟಲಿ ತೊಳೆಯುತ್ತಲೇ ಇರುತ್ತದೆ.

ಕೆಲಸ ಬಿಡುತ್ತೇನೆಂದು ಹೇಳಲು ಅವರು ಮೇಲಿನ ಮಹಡಿಗೆ ಹೋದ ದಿನ, ಇಲಿಗಳ ರಕ್ತದಲ್ಲಿ ಹಾರ್ಮೋನು ಏರಿದ್ದು ಕಂಡು ಅಲ್ಲಿ ಎಲ್ಲರೂ ಖುಷಿಯಲ್ಲಿದ್ದರು. ಇಲಿಯಕ್ಕ ಸಂಶೋಧಕಿಯ ಎದುರು ನಿಂತು ಕೇಳಿಯೇಬಿಟ್ಟರು: “ಇಲಿ ರಕ್ತದಲ್ಲಿ ಸಿಗೋದು ನನ್ನ ತಂಗಿ ರಕ್ತದಲ್ಲಿ ಯಾಕೆ ಸಿಗ್ಲಿಲ್ಲ ಮೇಡಂ?”

ಆಕೆ ಕುರ್ಚಿ ಎಳೆದು ಅವರನ್ನು ಕೂರಿಸಿದರು. “ಇಲಿಗಳಲ್ಲೂ ಇಡೀ ಗುಂಪು ಒಟ್ಟಿಗೆ ನೋಡಿದ್ರೆ ಮಾತ್ರ ವ್ಯತ್ಯಾಸ ಕಾಣೋದು ಅಕ್ಕಾ. ಒಬ್ಬ ಮನುಷ್ಯನ ರಕ್ತ ನೋಡಿ ಈ ಕಾಯಿಲೆ ಇದೆ, ಇಲ್ಲ ಅಂತ ಹೇಳೋಕೆ ಇನ್ನೂ ಯಾರಿಗೂ ಆಗಿಲ್ಲ.”

“ಮತ್ತೆ ಇವನ್ನೆಲ್ಲ ಯಾಕೆ ಸಾಯಿಸ್ತೀವಿ?”

“ಮುಂದೆ ಯಾವತ್ತಾದ್ರೂ ಆಗ್ಲಿ ಅಂತ. ಆಗುತ್ತೆ ಅಂತ ಆಣೆ ಮಾಡಿ ಹೇಳಲಾರೆ.”

ಸುಳ್ಳು ಸಮಾಧಾನ ಹೇಳಲಿಲ್ಲವಲ್ಲ, ಅದಕ್ಕೇ ಉಳಿದುಕೊಂಡೆ ಎನ್ನುತ್ತಾರೆ ಇಲಿಯಕ್ಕ. “ನಾನು ಬಿಟ್ರೆ ಇನ್ಯಾರೋ ಬರ್ತಾರೆ. ಬಾಲ ಹಿಡಿದು ಎಸೆಯೋರು ಬಂದ್ರೆ? ನಾನಾದ್ರೆ ಆ ಕೋಣೆವರೆಗೂ ಅಂಗೈಲಿಟ್ಕೊಂಡು ಹೋಗ್ತೀನಿ.”

ಪೆಟ್ಟಿಗೆಗಳೆಲ್ಲ ಮುಗಿದ ಮೇಲೆ ಕೈಗವಸು ಕಳಚುತ್ತಾರೆ. ನಿಮಗೇನು ಬೇಕು ಎಂದು ಕೇಳಿದರೆ, ಅವನ್ನು ಕಸದ ಬುಟ್ಟಿಗೆ ಹಾಕುತ್ತಾ ಹೇಳುತ್ತಾರೆ:

“ರಕ್ತದಲ್ಲಿ ಸಿಗೋ ದಿನ ಬಂದ್ರೆ ಬರ್ಲಿ, ಸಂತೋಷ. ಅಲ್ಲಿವರೆಗೆ, ಕೈಲಾಗ್ತಿಲ್ಲ ಅಂತ ಯಾರಾದ್ರೂ ಬಾಯಿಬಿಟ್ಟು ಹೇಳಿದ್ರೆ ಮನೆಯವ್ರು ನಂಬ್ಲಿ. ಇಲಿ ಪಾಪ, ಅಷ್ಟೂ ಹೇಳಲ್ಲ.”