ಕೋಟಿಯ ಮೇಲೊಂದು

ಎರಡು ಸಾವಿರದ ಇಸವಿ ದಾಟಿ ಎರಡು-ಮೂರು ವರ್ಷವಾಗಿತ್ತು. ನಾನು ರಾಣೇಬೆನ್ನೂರಿನ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಿದ್ದೆ, ಮನೆ ಬ್ಯಾಡಗಿಯಲ್ಲಿತ್ತು. ಅವ್ವ, ನಾವು ಮೂವರು ಅಣ್ಣತಮ್ಮಂದಿರು, ಮೂವರು ಹೆಂಡಿರು, ಅಣ್ಣಂದಿರ ನಾಲ್ಕು ಮಕ್ಕಳು, ಒಟ್ಟು ಹನ್ನೊಂದು ಮಂದಿ. ಮೆಣಸಿನಕಾಯಿ ಸುಗ್ಗಿಯಲ್ಲಂತೂ ಬಸ್ಸಿಗೆ ಬಸ್ಸೇ ಕೆಮ್ಮುತ್ತಿತ್ತು. ದಿನಾ ಹೋಗಿ ಬಂದು ಜೀವ ಬೇಸತ್ತಿತ್ತು. ರಾಣೇಬೆನ್ನೂರಿನಲ್ಲೇ ಬೇರೆ ಮನೆ ಮಾಡುತ್ತೇನೆ ಎಂದುಬಿಟ್ಟೆ.

ಅವ್ವ ಬೇಡ ಎನ್ನಲಿಲ್ಲ, ಹರಕೆ ಹೊತ್ತಳು. ಮನೆಮಂದಿಯೆಲ್ಲ ಕೂಡಿ ಕೋಟಿ ಸಲ 'ಶಿವ' ಎಂದು ಬರೆಯಬೇಕು, ಮೇಲೊಂದು. ಮುಗಿಯುವವರೆಗೆ ಯಾರೂ ಮನೆ ಬಿಡುವಂತಿಲ್ಲ.

"ಮ್ಯಾಲೊಂದು ಯಾಕಬೇ?" ಎಂದೆ.

"ಮದುವ್ಯಾಗ ನೂರಾ ಒಂದು ಮುಯ್ಯಿ ಯಾಕ ಮಾಡ್ತಾರ? ಮ್ಯಾಲೊಂದಿದ್ರ ಪಾಲ ಆಗಂಗಿಲ್ಲ."

ನೂರಾ ಒಂದರ ಮಟ್ಟಿಗೆ ಅದು ಖರೇ, ಅದು ಅವಿಭಾಜ್ಯ ಸಂಖ್ಯೆ. ಕೋಟಿಯ ಮೇಲೊಂದು? ಮರುದಿನ ಬಸ್ ಟಿಕೆಟ್ಟಿನ ಹಿಂದೆ 1,00,00,001 ಎಂದು ಬರೆದೆ. ಅಂಕಿಗಳನ್ನು ಒಂದು ಬಿಟ್ಟು ಒಂದು ಕೂಡಿಸಿದರೆ ಎರಡೂ ಕಡೆ ಒಂದೊಂದೇ ಬಂತು. ಅಂದರೆ ಹನ್ನೊಂದರಿಂದ ಭಾಗ ಹೋಗುತ್ತದೆ. ಗೆದ್ದೆ ಎಂದುಕೊಂಡು ಮನೆಗೆ ಬಂದವನೇ ಅವ್ವನಿಗೆ ಹೇಳಿದೆ.

"ನಾವೂ ಹನ್ನೊಂದ ಮಂದಿ ಅದೀವಲ್ಲೋ" ಎಂದಳು ಅವ್ವ. "ಎಲ್ಲಾರಿಗೂ ಸರಿ ಬಂತು. ನಾಳಿಂದ ಬರೀರಿ."

"ಕಟ್ಟಿಹಾಕಾಕ ನೀವ ಹಗ್ಗಾ ಕೊಟ್ರಿ" ಎಂದು ಹೆಂಡತಿ ನಕ್ಕಳು. ನನಗೆ ಮೈಯೆಲ್ಲ ಉರಿಯಿತು.

ತಲೆಗೆ 9,09,091. ದಿನಕ್ಕಿಷ್ಟು ಎಂದು ಸಮನಾಗಿ ಹಂಚಲು ಕುಳಿತೆ. ಎರಡರಿಂದ, ಮೂರರಿಂದ, ಐದರಿಂದ, ಏಳರಿಂದ, ಹದಿಮೂರರಿಂದ, ಯಾವುದರಿಂದ ಭಾಗಿಸಿದರೂ ಒಂದು ಉಳಿಯುತ್ತಿತ್ತು. ಪೀಡೆ, ಇದೂ ಅವಿಭಾಜ್ಯ. ಕೊನೆಗೆ ದಿನಕ್ಕೆ ಒಂಬೈನೂರ ಹತ್ತರಂತೆ ಒಂಬೈನೂರ ತೊಂಬತ್ತೊಂಬತ್ತು ದಿನ ಎಂದು ಗೊತ್ತುಮಾಡಿದೆ. ಆಗಲೂ ಸಾವಿರನೆಯ ದಿನಕ್ಕೆ ಒಂದು ಉಳಿಯಿತು, ಇರಲಿ ಬಿಡು ಎಂದೆ.

ಹಾವೇರಿಯಿಂದ ಡಜನ್‌ಗಟ್ಟಲೆ ನೋಟ್‌ಬುಕ್ ತಂದೆವು. ಬಸ್ಸಿನಲ್ಲಿ ಬರೆದೆ, ಪರೀಕ್ಷೆಯ ಪೇಪರ್ ಬದಿಗೆ ಸರಿಸಿ ಬರೆದೆ. ಒಂದು ದಿನ ತಪ್ಪಿದರೆ ಮರುದಿನ ಎರಡರಷ್ಟು. ಭಕ್ತಿ ಗಿಕ್ತಿ ಏನೂ ಇರಲಿಲ್ಲ, ಇನ್ನೆಷ್ಟು ದಿನ ಎಂಬುದೊಂದೇ ಧ್ಯಾನ. ಅವ್ವ ಮಾತ್ರ ಅಡುಗೆಮನೆಯ ಬಾಗಿಲಲ್ಲಿ ಕೂತು ನಿಧಾನಕ್ಕೆ ಬರೆಯುತ್ತಿದ್ದಳು.

ಸಾವಿರನೆಯ ದಿನ ಬೆಳಿಗ್ಗೆ ಮಕ್ಕಳೂ ಸೇರಿ ಎಲ್ಲರೂ ಒಂದೊಂದು ಬರೆದು ನೋಟ್‌ಬುಕ್ ಮುಚ್ಚಿದರು. ಅವ್ವನದು ತೆರೆದೇ ಇತ್ತು. ಕೊನೆಯ ಸಾಲು ಖಾಲಿ.

"ಬರೀಬೇ, ಬಸ್ಸಿಗೆ ಹೊತ್ತಾಗತೈತಿ."

"ಇದೊಂದು ಬರದ್ರ ನೀ ಹೊಂಟ ಬಿಡ್ತೀಯಲ್ಲೋ."

ಮೂರು ವರ್ಷದಲ್ಲಿ ಅವಳು ಹೋಗಬೇಡ ಎಂದು ನನ್ನೆದುರು ಬಾಯಿಬಿಟ್ಟದ್ದು ಅದೊಂದೇ ಸಲ. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ನನ್ನ ಪೆನ್ನಿನ ಕ್ಯಾಪ್ ತೆಗೆದು ಅವಳ ಕೈಗಿಟ್ಟೆ.

ಅವ್ವ ಬರೆದಳು. ಎಂಟು ದಿನದಲ್ಲಿ ನಾನು ರಾಣೇಬೆನ್ನೂರಿನಲ್ಲಿ ಬಾಡಿಗೆಗೆ ಮನೆ ಹಿಡಿದೆ.