ಒಂದು ಗೇಣು ಬಳ್ಳಿಗಾಗಿ

ಬೆಳಗಿನ ಐದೂವರೆ. ರಾಯಚೂರಿನ ಹೆರಿಗೆ ಆಸ್ಪತ್ರೆಯೊಂದರ ವರಾಂಡದಲ್ಲಿ ಆಯಾ ಹುಲಗೆಮ್ಮ ಮಾನ್ವಿಯ ಶೇಖಮ್ಮನಿಗೆ ದುಂಬಾಲು ಬಿದ್ದಿದ್ದಾರೆ. ಶೇಖಮ್ಮನ ಸೊಸೆಗೆ ಈಗಷ್ಟೇ ಹೆಣ್ಣು ಕೂಸು ಹುಟ್ಟಿದೆ. ಸೊಸೆ ಮೊದಲೇ ಒಪ್ಪಿ ಸಹಿ ಹಾಕಿದ್ದಾಳೆ, ತಕರಾರೆಲ್ಲ ಅತ್ತೆಯದು.

"ಹೊಕ್ಕಳಬಳ್ಳಿ ಕೊಡಂಗಿಲ್ಲ ಬೇ. ಹಿತ್ತಲದಾಗ ಹುಗೀಬೇಕು."

"ಮಾಸು ಪೂರಾ ನೀವೇ ಒಯ್ರಿ ಯವ್ವಾ. ನನಗ ಒಂದು ಗೇಣು ಬಳ್ಳಿ ಸಾಕು. ಸಕ್ಕರಿ ಕಾಯಿಲಿ ಸಂಶೋಧನಿಗೆ ಬೇಕಾಗೇದ. ನಿಮ್ಮ ಮನ್ಯಾಗ ಸಕ್ಕರಿ ಇದ್ದವ್ರು ಯಾರೂ ಇಲ್ಲೇನ್ರಿ?"

ಶೇಖಮ್ಮ ತಮ್ಮ ಊದಿದ ಪಾದ ನೋಡಿಕೊಳ್ಳುತ್ತಾರೆ. "ಒಯ್ಯಿ, ತಗೋ," ಎನ್ನುತ್ತಾರೆ.

ಬಳ್ಳಿಯಿಟ್ಟ ಐಸ್ ಡಬ್ಬಿ ಆಟೊ ಹತ್ತಿ ಕಾಲೇಜಿನ ಪ್ರಯೋಗಾಲಯ ಸೇರುತ್ತದೆ. ಸಂಶೋಧಕಿ ಶೈಲಜಾ ಬಳ್ಳಿಯ ರಕ್ತನಾಳದಿಂದ ಜೀವಕೋಶ ಬಿಡಿಸಿ, ತಟ್ಟೆಯಲ್ಲಿ ಬೆಳೆಸಿ, ಸಕ್ಕರೆ ಏರಿಸಿ ನೋಡುತ್ತಾರೆ. ಆಗ ಒಳಗಿನ ಒಂದು ನಿಯಂತ್ರಕ ಪ್ರೋಟೀನು ಮಿತಿಮೀರುತ್ತದಂತೆ. ಅದನ್ನು ತಗ್ಗಿಸಿದರೆ ಜೀವಕೋಶ ಬದುಕೀತೇ ಎಂಬುದು ಅವರ ಪ್ರಶ್ನೆ. ಹುಲಗೆಮ್ಮ ಹೇಳುವುದೇ ಅರ್ಥವಾಗಲು ಸಲೀಸು: "ಆ ಪ್ರೋಟೀನು ಮನಿ ಹಿರೇರಿದ್ದಂಗರಿ. ಸಕ್ಕರಿ ಏರಿದ್ರ ಅದರ ತೆಲಿ ಕೆಡತದ, ಮನಿಮಂದೀನ ಬಡೀತದ."

ದೇವದುರ್ಗದ ಕೂಲಿ ಮನೆತನದ ಈಕೆಗೆ ಐವತ್ತೆರಡು ವರ್ಷ. ಗಂಡ ಹುಲಿಗೆಪ್ಪನ ಎರಡು ಕಾಲ್ಬೆರಳು ಸಕ್ಕರೆಗೇ ಹೋಗಿವೆ. ಹತ್ತು ಮನೆಯವರನ್ನು ಕೇಳಿದರೆ ಮೂವರು ಒಪ್ಪುತ್ತಾರೆ, ಉಳಿದವರು ಬೈಯುತ್ತಾರೆ. ವಾರಕ್ಕೆ ನಾಲ್ಕು ಬಳ್ಳಿ ಸಿಕ್ಕರೆ ದೊಡ್ಡದು.

ಕಳೆದ ಬೇಸಿಗೆಯಲ್ಲಿ ಕೆಲಸ ಶುರುವಾದಾಗ ಮೂರು ತಿಂಗಳು ಒಂದು ಜೀವಕೋಶವೂ ಉಳಿಯಲಿಲ್ಲ. ಇನ್ನೊಂದು ತಿಂಗಳು ನೋಡಿ ಬಂದ್ ಮಾಡುವುದೆಂದು ಕಾಲೇಜು ಹೇಳಿತು. ಆಗ ಶೈಲಜಾ ಯಾರಿಗೋ "ಈ ಕೋಶಗಳು ಬಿಸಿ ತಾಗಿದರೂ ಸಾಯ್ತಾವೆ" ಎಂದದ್ದು ಕೇಳಿ ಹುಲಗೆಮ್ಮನಿಗೆ ತನ್ನ ತಪ್ಪು ಹೊಳೆಯಿತು. ರಕ್ತ ಮೆತ್ತಿದ್ದನ್ನು ಮೇಡಂ ಕೈಗೆ ಹೆಂಗ ಕೊಡೋದು ಎಂದು, ಬಾಣಂತಿಯ ಬಟ್ಟೆಯಂತೆ ಪ್ರತಿ ಬಳ್ಳಿಯನ್ನೂ ಬಿಸಿನೀರಲ್ಲಿ ತೊಳೆದೇ ಕಳಿಸುತ್ತಿದ್ದರು!

"ಹೇಳಿದ್ರ ಕೆಲಸ ಹೋಗತದ. ಹೇಳದಿದ್ರ ಆ ತಾಯಂದ್ರು ಕೊಟ್ಟಿದ್ದೆಲ್ಲಾ ಮಣ್ಣುಪಾಲು. ಏನು ಮಾಡ್ಲಿ?"

ಹೇಳಿಯೇಬಿಟ್ಟರು. ಶೈಲಜಾ ಸ್ಟೂಲಿನ ಮೇಲೆ ಕುಸಿದು ಕೂತು ನಕ್ಕರಂತೆ. "ಅಯ್ಯೋ ಯವ್ವಾ, ಮೂರು ತಿಂಗಳು ಮಷಿನ್ನಿಗೆ ಬೈದೆನಲ್ಲ!" ಮುಂದಿನ ವಾರವೇ ಜೀವಕೋಶಗಳು ತಟ್ಟೆಗೆ ಅಂಟಿ ಬೆಳೆದವು. ಪ್ರೋಟೀನು ತಗ್ಗಿಸಿದ ತಟ್ಟೆಗಳಲ್ಲಿ ಈಗ ಹೆಚ್ಚು ಕೋಶಗಳು ಸಕ್ಕರೆ ತಡೆದುಕೊಳ್ಳುತ್ತಿವೆ. ಔಷಧಿ ಇನ್ನೂ ದೂರದ ಮಾತು ಎಂದು ಶೈಲಜಾ ಎಚ್ಚರಿಸುತ್ತಾರೆ.

ಅದು ಹುಲಗೆಮ್ಮನಿಗೂ ಗೊತ್ತು. "ಗಂಡನ ಬೆರಳು ತಿರುಗಿ ಬರಂಗಿಲ್ಲ ಬಿಡ್ರಿ. ಔಷಧ ಆಗತದೋ ಇಲ್ಲೋ, ಓದಿದವ್ರು ನೋಡ್ಕೋತಾರ. ನನ್ನ ಕೈಯಿಂದ ಹೋಗಿದ್ದು ಈಗ ಜೀವಂತ ಮುಟ್ಟತದ. ಕಣ್ತುಂಬ ನಿದ್ದಿ ಬರಾಕತ್ತದ ನೋಡ್ರಿ."