ಒಬ್ಬಟ್ಟು ತಿನ್ನುವಾಗ ಮುಚ್ಚಿಹೋದ ಕಂಬಿ

ಎರೆಮಣ್ಣಿನಲ್ಲಿ ಪಾಯ ಕುಸಿದು ಕಟ್ಟಡದ ಒಂದು ಮೂಲೆ ತಗ್ಗಬಹುದಿತ್ತು. ಕೇರಳದ ಕಡೆಯಿಂದ ಬರುವ ಮಳೆ ಕಾಂಕ್ರೀಟು ಹಾಕುವ ದಿನವೇ ಬಂದು ಸಿಮೆಂಟಿನ ಹಾಲನ್ನೆಲ್ಲ ತೊಳೆದುಕೊಂಡು ಹೋಗಬಹುದಿತ್ತು. ಮಿಕ್ಸರ್ ಅರ್ಧದಲ್ಲಿ ಕೆಟ್ಟು ನಿಲ್ಲಬಹುದಿತ್ತು. ಅದನ್ನು ಸರಿಮಾಡಬೇಕಾದ ಗುಂಡ್ಲುಪೇಟೆಯ ಮೆಕ್ಯಾನಿಕ್ಕು ಅವತ್ತೇ ಮಾವನ ಮನೆಗೆ ಹೋಗಿರಬಹುದಿತ್ತು. ಸೆಂಟ್ರಿಂಗಿಗೆ ಕೊಟ್ಟ ನೀಲಗಿರಿ ಕಂಬವೊಂದು ಜಾರಬಹುದಿತ್ತು. ಮರಳಿನಲ್ಲಿ ಮಣ್ಣಿರಬಹುದಿತ್ತು. ಮದ್ದೂರು ಕಾಡಿನಿಂದ ಬಾಳೆತೋಟಕ್ಕೆ ಬರುವ ಆನೆ ಹೋಗುವ ದಾರಿಯಲ್ಲಿ ಬೆನ್ನು ಉಜ್ಜಿಕೊಳ್ಳಲು ಹೊಸ ಕಂಬವನ್ನೇ ಆರಿಸಿಕೊಳ್ಳಬಹುದಿತ್ತು. ತಾರಸಿ ಸೋರಬಹುದಿತ್ತು, ಗೋಡೆ ಬಿರುಕು ಬಿಡಬಹುದಿತ್ತು, ಬಾಗಿಲು ಮಳೆಗಾಲದಲ್ಲಿ ಊದಿಕೊಂಡು ಮಕ್ಕಳೆಲ್ಲ ಒಳಗೇ ಉಳಿಯಬಹುದಿತ್ತು. ಎಲ್ಲಕ್ಕಿಂತ ಕೊನೆಯದಾಗಿ, ಬರೆದು ಹೊಡೆದುಹಾಕಿ ಮತ್ತೆ ಬರೆದದ್ದು: ನಡುವಿನ ಬೀಮು ಮುರಿದು ಬೀಳಬಹುದಿತ್ತು.

ಈ ಪಟ್ಟಿ ನನ್ನ ಡೈರಿಯಲ್ಲಿ ಇನ್ನೂ ಇದೆ. ಚಾಮರಾಜನಗರದ ನಮ್ಮ ಮನೆಯಲ್ಲಿ ಊಟದ ಮೇಜಿನ ಮೇಲೆ ಅದನ್ನು ಮರೆತು ಎದ್ದಿದ್ದಾಗ ಹೆಂಡತಿ ಓದಿ, ಭೂಕಂಪ ಬಿಟ್ಟುಹೋಗಿದೆಯಲ್ಲ ಎಂದಳು. ತಮಾಷೆಗೆ ಅಂದದ್ದೆಂದು ಗೊತ್ತಿತ್ತು. ಆದರೂ ಅವಳು ಅಡುಗೆಮನೆಗೆ ಹೋದ ಮೇಲೆ ಅದನ್ನೂ ಸೇರಿಸಿದೆ.

ನಾನು ಸರ್ಕಾರದ ಕಟ್ಟಡಗಳನ್ನು ಕಟ್ಟಿಸುವ ಇಂಜಿನಿಯರು. ಕಟ್ಟುವವರು ಬೇರೆ, ಕಟ್ಟಿಸುವವರು ಬೇರೆ. ನನ್ನ ಕೆಲಸವೆಂದರೆ ನೋಡುವುದು, ನೋಡಿದ್ದೇನೆಂದು ಸೈನ್ ಹಾಕುವುದು. ಇಪ್ಪತ್ತೈದು ವರ್ಷಗಳಲ್ಲಿ ನಾನು ಕೈಯಾರೆ ಮಾಡಿದ್ದೆಂದರೆ ಈ ಸೈನ್ ಒಂದೇ. ಹಾಗಾಗಿ ಅದರ ಬಗ್ಗೆ ನನಗೆ ಸ್ವಲ್ಪ ಜಾಸ್ತಿಯೇ ಭಯ.

ಗುಂಡ್ಲುಪೇಟೆಯಿಂದ ಮದ್ದೂರಿನ ಕಡೆಗೆ ಹೋಗುವ ದಾರಿಯ ಒಂದು ಊರಿನಲ್ಲಿ ಅಂಗನವಾಡಿ ಕಟ್ಟಡದ ಕೆಲಸ ನಡೆದಿತ್ತು. ಒಂದೇ ದೊಡ್ಡ ಕೋಣೆ, ಪಕ್ಕಕ್ಕೊಂದು ಅಡುಗೆಮನೆ. ಜಾಗ ಕೊಟ್ಟವರು ಊರಿನ ಹಿರಿಯರೊಬ್ಬರು. ಅರಿಸಿನ, ಬಾಳೆ ಬೆಳೆಯುವವರು, ಹಣೆ ತುಂಬ ವಿಭೂತಿ. ಕೆಲಸ ಮಾಡಿಸುತ್ತಿದ್ದವನು ಆ ಸೀಮೆಯ ಹತ್ತೂರಿಗೆ ಮನೆ ಕಟ್ಟಿಕೊಟ್ಟ ಒಬ್ಬ ಮೇಸ್ತ್ರಿ. ವಯಸ್ಸಿನಲ್ಲಿ ನನಗಿಂತ ಹಿರಿಯ, ಮಾತಿನಲ್ಲಿ ಇನ್ನೂ ಹಿರಿಯ. ಇನ್ನೊಬ್ಬರು ಅಂಗನವಾಡಿಯ ಟೀಚರಮ್ಮ. ಅವರು ಕಟ್ಟಡದ ಬಗ್ಗೆ ನನ್ನನ್ನು ಕೇಳಿದ್ದು ಒಂದೇ ಒಂದು.

"ಸಾ, ಮಧ್ಯಾನ ಮಕ್ಳು ಮಲಗ್ತವೆ, ಸೆಕೆ ತಡೀನಾರವು. ಕಿಟಕಿ ಪಕ್ಕ ಮೇಲ್ಗಡೆ ಒಂದ್ ಫ್ಯಾನ್ ಬರಂಗ್ ಮಾಡ್ಕೊಡಿ" ಎಂದು ಹೇಳಿ, ತಾವೇ ಗುಂಡ್ಲುಪೇಟೆಯಿಂದ ತಂದಿದ್ದ ಫ್ಯಾನಿನ ಕೊಂಡಿಯನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕೊಟ್ಟರು. ಮೇಸ್ತ್ರಿ ಕೈಚಾಚಿದ. ತಾರಸಿಯ ಕಾಂಕ್ರೀಟಿನೊಳಗೇ ಕೂರಬೇಕಾದ ಸಾಮಾನು, ಅದನ್ನು ಯಾರ ಕೈಗೋ ಕೊಟ್ಟು ಮರೆತರೆ ಏನು ಗತಿಯೆಂದು ನಾನೇ ತೆಗೆದುಕೊಂಡೆ. ಮೋಲ್ಡ್ ಹಾಕುವ, ಅಂದರೆ ಆ ಕಾಂಕ್ರೀಟು ಸುರಿಯುವ ದಿನ ನಾನೇ ನಿಂತು ಕೂರಿಸುತ್ತೇನೆಂದು ಹೇಳಿ ಸ್ಕೂಟರಿನ ಸೀಟಿನ ಕೆಳಗೆ ಭದ್ರವಾಗಿ ಇಟ್ಟೆ.

ನಮ್ಮ ಕಡೆ ಮೋಲ್ಡ್ ದಿನಕ್ಕೆ ಒಂದು ಪದ್ಧತಿಯಿದೆ. ಅವತ್ತು ಆಳುಗಳಿಗೆಲ್ಲ ಜಾಗದ ಯಜಮಾನರ ಮನೆಯಲ್ಲಿ ಊಟ. ಕಾಂಕ್ರೀಟು ಅರ್ಧಕ್ಕೆ ನಿಲ್ಲಬಾರದಾದ್ದರಿಂದ ಅರ್ಧ ಜನ ಉಣ್ಣುವಾಗ ಇನ್ನರ್ಧ ಜನ ಸುರಿಯುತ್ತಿರುತ್ತಾರೆ. ಮೊದಲ ಪಂಕ್ತಿಯಲ್ಲಿ ಮೊದಲ ಎಲೆ ಇಂಜಿನಿಯರದು. ಅವನು ಕೂರದೆ ಯಾರೂ ಕೂರುವುದಿಲ್ಲ. ಅವನು ಏಳದೆ ಯಾರೂ ಏಳುವುದಿಲ್ಲ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಇದನ್ನು ಹೇಳಿಕೊಡುವುದಿಲ್ಲ.

ಅವತ್ತು ಬೆಳಿಗ್ಗೆ ನಾನು ಕಂಬಿಗಳನ್ನು ಎಣಿಸುತ್ತ ಹೋದಾಗ ನಡುವಿನ ಬೀಮಿನ ತಳದಲ್ಲಿ ಎರಡು ಕಂಬಿ ಕಡಿಮೆ ಇದ್ದವು. ಇಡೀ ತಾರಸಿಯ ಭಾರ ಹೊರುವ ಬೀಮು ಅದು. ಮೇಸ್ತ್ರಿಯನ್ನು ಕರೆದು ತೋರಿಸಿದೆ. ಅವನು ನಕ್ಷೆಯನ್ನು ದೂರ ಹಿಡಿದು ನೋಡಿ, ಕನ್ನಡಕ ಮನೆಯಲ್ಲಿದೆಯೆಂದು ಒಪ್ಪಿಕೊಂಡ. ಇಬ್ಬರಿಗೆ ಕಂಬಿ ಕತ್ತರಿಸಲು ಹೇಳಿದ. ಅಷ್ಟರಲ್ಲಿ ಯಜಮಾನರ ಮನೆಯಿಂದ ಎಲೆ ಹಾಕಿದ್ದೇವೆಂದು ಕರೆ ಬಂತು. ಇದು ಮುಗಿಯಲಿ ಎಂದೆ. ಎರಡನೆಯ ಸಲ ಕರೆ ಬಂತು. ಮೂರನೆಯ ಸಲ ಯಜಮಾನರೇ ಬಂದರು.

ಮೇಸ್ತ್ರಿ ನನ್ನನ್ನು ಏಣಿಯ ಕಡೆಗೆ ನಡೆಸುತ್ತ ಹೇಳಿದ: "ಹಾಕ್ಬುಡ್ತೀನಿ ಸಾ, ನೀವು ಓಗಿ ಉಂಡ್ಕಬನ್ನಿ. ನೀವು ಎಲೆ ಮುಂದೆ ಕೂರ್ದೆ ನಮ್ ಆಳ್ಗಳು ಒಂದ್ ತುತ್ತೂ ಮುಟ್ಟಕಿಲ್ಲ."

ಹದಿನೈದು ನಿಮಿಷದಲ್ಲಿ ಬರುತ್ತೇನೆಂದು ಹೋದೆ. ಒಬ್ಬಟ್ಟು, ಅದರ ಮೇಲೆ ಕಾಯಿಹಾಲು, ಅದರ ಮೇಲೆ ತುಪ್ಪ. ಎರಡಕ್ಕೆ ಸಾಕೆಂದೆ. ಯಜಮಾನರ ಮನೆಯವರು ಬೇಸರಪಟ್ಟುಕೊಂಡರು. ಮೂರಕ್ಕೆ ಸಾಕೆಂದೆ. ಮೂರಕ್ಕೆ ನಿಲ್ಲಿಸಬಾರದೆಂದು ಯಜಮಾನರು ಹೇಳಿದರು. ನಾನು ಎದ್ದರೆ ಆಳುಗಳೂ ಏಳಬೇಕಾಗುತ್ತದೆ, ಅವರಿನ್ನೂ ಅನ್ನಕ್ಕೆ ಬಂದಿಲ್ಲ ಎಂಬುದು ನಾನು ಆಗ ನನಗೇ ಹೇಳಿಕೊಂಡ ಕಾರಣ. ನಿಜವಾದ ಕಾರಣ ನಾಲ್ಕನೆಯ ಒಬ್ಬಟ್ಟು.

ಒಂದೂಕಾಲು ಗಂಟೆಯ ಮೇಲೆ ವಾಪಸು ಬಂದಾಗ ಬೀಮು ತುಂಬಿತ್ತು. ಮೇಲೆ ಕಾಂಕ್ರೀಟನ್ನು ನುಣ್ಣಗೆ ಎಳೆದು ಮುಂದಕ್ಕೆ ಹೋಗಿದ್ದರು. ಕಂಬಿ ಹಾಕಿದೆಯಾ ಎಂದು ಮೇಸ್ತ್ರಿಯನ್ನು ಕೇಳಿದೆ. ಹಾಕಿದೆ ಎಂದ. ಮಿಕ್ಸರ್ ಪಕ್ಕದಲ್ಲಿ ಎರಡು ಕಂಬಿ ಬಿದ್ದಿದ್ದವು. ಇವು ಯಾವುವು ಎಂದೆ. ಮಿಕ್ಕಿದ್ದವು ಎಂದ. ಅಷ್ಟರಲ್ಲಿ ರಿಜಿಸ್ಟರ್ ತಂದಿಟ್ಟರು. 'ಕಂಬಿಗಳನ್ನು ಖುದ್ದಾಗಿ ನೋಡಿ ಖಚಿತಪಡಿಸಿಕೊಂಡಿದ್ದೇನೆ' ಎಂಬ ಸಾಲಿನ ಕೆಳಗೆ ನಾನು ಸೈನ್ ಹಾಕಿದೆ. ಕೈ ತೊಳೆದಿದ್ದೆ, ಆದರೂ ಹಾಳೆಯ ಮೇಲೆ ಹೆಬ್ಬೆರಳಿನಷ್ಟು ತುಪ್ಪದ ಗುರುತು ಬಿತ್ತು.

ಮರುದಿನದಿಂದ ತಾರಸಿಯ ಮೇಲೆ ಕಟ್ಟೆ ಕಟ್ಟಿ ನೀರು ನಿಲ್ಲಿಸಿದರು. ಕಾಂಕ್ರೀಟು ದಿನೇ ದಿನೇ ಗಟ್ಟಿಯಾಗುತ್ತ ಹೋಯಿತು, ನಾನು ಮೆತ್ತಗಾಗುತ್ತ ಹೋದೆ. ಸ್ಕೂಟರಿನಲ್ಲಿ ಹೋಗುವಾಗ ದಾರಿಯ ಬಸ್ ನಿಲ್ದಾಣಗಳ ಬೀಮುಗಳನ್ನೆಲ್ಲ ನೋಡುತ್ತಿದ್ದೆ. ಆ ಎರಡು ಕಂಬಿಗಳು ಒಂದು ದಿನ ಬೀಮಿನೊಳಗೆ ಇರುತ್ತಿದ್ದವು, ಇನ್ನೊಂದು ದಿನ ಮಿಕ್ಸರ್ ಪಕ್ಕದಲ್ಲಿರುತ್ತಿದ್ದವು. ಮೇಸ್ತ್ರಿ ಸುಳ್ಳು ಹೇಳಿದ್ದನೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಸುಳ್ಳು ಹೇಳಿದ್ದು ನಾನು ಎಂಬುದು ಮಾತ್ರ ಖಂಡಿತವಾಗಿ ಗೊತ್ತಿತ್ತು. ಬರಹದಲ್ಲಿ, ಹುದ್ದೆ ಸಮೇತ, ತುಪ್ಪದ ಸಾಕ್ಷಿಯೊಂದಿಗೆ.

ಎರಡು ವಾರ ತಡೆದುಕೊಂಡು ನಮ್ಮ ಸಾಹೇಬರ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಅವರು ರಿಜಿಸ್ಟರ್ ತರಿಸಿ, ಪುಟ ತಿರುಗಿಸಿ, ನನ್ನ ಸೈನ್ ನೋಡಿದರು.

"ನೋಡಿದ್ದೀನಿ ಅಂತ ಬರೆದಿದ್ದೀರಲ್ರೀ" ಎಂದರು.

"ನೋಡಲಿಲ್ಲ ಸರ್."

"ಬರೆದ ಮೇಲೆ ನೋಡಿದ ಹಾಗೇ. ಈಗ ನೋಡಲಿಲ್ಲ ಅಂತ ಇನ್ನೊಂದು ಬರೆದರೆ ಯಾವುದನ್ನ ನಂಬೋದು?"

ನಾನು ಹೊರಗೆ ಹೋಗಲಿಲ್ಲ. ಹೆದರುವವನಿಗೆ ಒಂದು ಅನುಕೂಲವಿದೆ: ಸಾಹೇಬರ ಭಯಕ್ಕಿಂತ ದೊಡ್ಡ ಭಯವೊಂದು ಅವನ ಹತ್ತಿರ ಯಾವಾಗಲೂ ಇರುತ್ತದೆ. ತಾರಸಿಯ ಮೇಲೆ ಭಾರ ಹೇರಿ ಒಂದು ದಿನ ಬಿಟ್ಟು ಬೀಮು ಎಷ್ಟು ಬಾಗುತ್ತದೆಂದು ನೋಡುವ ಪರೀಕ್ಷೆಯಿದೆ, ಅದನ್ನು ಮಾಡದೆ ಮಕ್ಕಳನ್ನು ಒಳಗೆ ಕೂರಿಸಲು ಒಪ್ಪುವುದಿಲ್ಲ ಎಂದೆ. ಅವರು ರಿಜಿಸ್ಟರನ್ನು ಬೆಳಕಿಗೆ ಹಿಡಿದು ತುಪ್ಪದ ಗುರುತಿನ ಮೂಲಕ ಕಿಟಕಿ ನೋಡಿದರು. ಆಮೇಲೆ, ಏನಾದರೂ ಮಾಡಿಕೊಳ್ಳಿ, ಉದ್ಘಾಟನೆಯ ದಿನ ಮಾತ್ರ ಮುಂದೆ ಹೋಗಬಾರದು ಎಂದರು.

ಇನ್ನು ಊರಿಗೆ ಹೇಳಬೇಕಿತ್ತು. ಯಜಮಾನರ ಜಗಲಿಯ ಮೇಲೆ ಕೂತು, ನಿಮ್ಮ ಮನೆಯ ಒಬ್ಬಟ್ಟು ತಿನ್ನುವಾಗ ನೋಡಬೇಕಾದದ್ದನ್ನು ನೋಡಲಿಲ್ಲ, ನೋಡಿದೆನೆಂದು ಸೈನ್ ಹಾಕಿದೆ ಎಂದೆ. ಅವರು, "ತಪ್ಪು ನಿಮ್ದು. ಅದ್ನ ನಮ್ ಒಬ್ಬಟ್ಟಿನ್ ಮೇಲ್ಯಾಕ್ ಹಾಕೀರಿ?" ಎಂದರು. ಆಮೇಲೆ ಭಾರಕ್ಕೆ ಏನು ಬೇಕೆಂದು ಕೇಳಿದರು. ಮರಳಿನ ಮೂಟೆ ಎಂದೆ. ಅಷ್ಟು ಮರಳು ಈಗ ಎಲ್ಲಿಂದ ತರುವುದು, ಅರಿಸಿನ ಆಗುತ್ತದೆಯೇ ಎಂದರು. ತೂಕ ಇದ್ದರೆ ಸಾಕೆಂದೆ.

ಮೇಸ್ತ್ರಿಗೆ ಹೇಳುವುದೇ ಕಷ್ಟದ ಕೆಲಸವಾಗಿತ್ತು. ಅವನು ಕೂಗಾಡಲಿಲ್ಲ. ಕರಣೆ ಕೆಳಗಿಟ್ಟು, "ಹಾಕಿವ್ನಿ ಅಂದ್ನಲ್ಲ ಸಾ. ನನ್ ಮೊಮ್ಮಗಳೂ ಇದರೊಳ್ಗೇ ಕೂರದು" ಎಂದಷ್ಟೇ ಹೇಳಿ ಹೋದ. ಅದಾದ ಮೇಲೆ ನಾಲ್ಕು ದಿನ ನನ್ನ ಫೋನ್ ಎತ್ತಲಿಲ್ಲ.

ಪರೀಕ್ಷೆಯ ಬೆಳಿಗ್ಗೆ, ತಾರಸಿಗೆ ಕೆಳಗಿನಿಂದ ಆಸರೆ ಕೊಟ್ಟಿದ್ದ ಸೆಂಟ್ರಿಂಗ್ ಬಿಚ್ಚಿದ್ದೆವು. ಏನಾದರೂ ಆದರೆ ತಡೆಯಲೆಂದು ಬೀಮಿನ ಕೆಳಗೆ ಹೆಬ್ಬೆರಳಿನಷ್ಟು ಸಂದು ಬಿಟ್ಟು ಕಂಬಗಳನ್ನು ನಿಲ್ಲಿಸಿದ್ದೆ. ಊರಿನವರು ಟ್ರ್ಯಾಕ್ಟರಿನಲ್ಲಿ ಮೂಟೆ ತಂದರು. ಯಜಮಾನರ ಅರಿಸಿನ ಸಾಲದೆ ಬೇರೆಯವರ ರಾಗಿ, ಹುರುಳಿ, ಜೋಳ ಎಲ್ಲ ಬಂತು. ಬದಲಾಗಬಾರದೆಂದು ಒಬ್ಬೊಬ್ಬರೂ ತಮ್ಮ ಮೂಟೆಗೆ ಬೇರೆ ಬೇರೆ ಬಣ್ಣದ ಬಟ್ಟೆಚೂರು ಕಟ್ಟಿದ್ದರು. ಮುರಿದುಬಿದ್ದರೆ ರಾಗಿಯೂ ಅರಿಸಿನವೂ ಕಲೆತುಹೋಗುತ್ತವಲ್ಲ ಎಂದು ಒಬ್ಬರು ಚಿಂತೆ ಮಾಡಿದರು. ನನ್ನ ಪಟ್ಟಿಯಲ್ಲಿ ಇದು ಇರಲಿಲ್ಲ. ಅವರ ಮೇಲೆ ನನಗೆ ಗೌರವ ಬಂತು.

ಮೂಟೆ ಏರಿಸಲು ಶುರುಮಾಡುವ ಹೊತ್ತಿಗೆ ಮೇಸ್ತ್ರಿ ಕಂಕುಳಲ್ಲಿ ಚಾಪೆ ಹಿಡಿದು ಬಂದ. ಯಾರ ಕಡೆಗೂ ನೋಡದೆ ಒಳಗೆ ಹೋಗಿ, ಬೀಮಿನ ನೇರ ಕೆಳಗೆ ಚಾಪೆ ಹಾಸಿ, ಅಂಗಾತ ಮಲಗಿದ. ನಾನು ಓಡಿಹೋದೆ. ನಿಯಮದ ಪ್ರಕಾರ ಪರೀಕ್ಷೆಯ ಹೊತ್ತಿನಲ್ಲಿ ಕೆಳಗೆ ಯಾರೂ ಇರಬಾರದು ಎಂದೆ.

"ನಿಯಮದ ಪ್ರಕಾರ ನೀವೂ ಕಂಬಿ ನೋಡ್ಬೇಕಿತ್ತು ಸಾ" ಎಂದ, ಮೇಲೆ ನೋಡುತ್ತಲೇ.

ಎಬ್ಬಿಸಲು ಯಜಮಾನರು ಬಂದರು, ಟೀಚರಮ್ಮ ಬಂದರು. ಅವನು ಎಲೆಅಡಿಕೆ ಹಾಕಿಕೊಂಡ. ಹೊರಗೆ ನಿಂತು ನಾನು ಯೋಚಿಸಿದೆ: ತಾನು ಮಾಡಿದ ಕೆಲಸದ ಕೆಳಗೆ ಅವನು ಮಲಗಿದ್ದಾನೆ, ನಾನು ಸೈನ್ ಹಾಕಿದ ಕೆಲಸದ ಹೊರಗೆ ನಿಂತಿದ್ದೇನೆ. ಹೀಗೆ ಯೋಚಿಸಿದ್ದೇ ತಪ್ಪಾಯಿತು, ಒಳಗೆ ಹೋಗಲೇಬೇಕಾಯಿತು. ಹೋಗಿ ಅವನ ಪಕ್ಕ ಕೂತೆ. ಪೂರ್ತಿ ಪಕ್ಕವಲ್ಲ, ಸ್ವಲ್ಪ ಬಾಗಿಲ ಕಡೆಗೆ.

ಮೇಲೆ ಧಡ್ ಧಡ್ ಎಂದು ಮೂಟೆ ಬೀಳುತ್ತಿದ್ದವು. ಮೆತ್ತಗೆ ಇಡಿ ಎಂದು ಕೂಗಿ ಹೇಳಿದೆ. ಯಾರೋ ಸರಿ ಎಂದು ಜೋರಾಗಿ ಇಟ್ಟರು. ನೆಲದಿಂದ ಬೀಮಿನವರೆಗೆ ನಿಲ್ಲಿಸಿದ್ದ ಮರದ ರೀಪರಿನ ತುದಿಗೂ ಬೀಮಿಗೂ ನಡುವಿನ ಸಂದನ್ನು ಹತ್ತು ಹತ್ತು ಮೂಟೆಗೊಮ್ಮೆ ಅಳೆದು ಬರೆಯುತ್ತಿದ್ದೆ. ಒಂದು ಕಣ್ಣು ಬಾಗಿಲ ಮೇಲೆಯೇ ಇದ್ದುದರಿಂದ ಮೊದಲ ಅಳತೆಗಳಲ್ಲಿ ಬೀಮು ಮೇಲಕ್ಕೆ ಬಾಗಿತ್ತು. ಕೊನೆಯ ಮೂಟೆ ಇಟ್ಟಾಗ ಅದು ಕೆಳಗೆ ಬಂದದ್ದು ಸ್ಕೇಲಿನ ಒಂದು ಗೆರೆಯಷ್ಟು. ಬರಬಹುದೆಂದು ನಾನು ಲೆಕ್ಕ ಹಾಕಿದ್ದು ಅದಕ್ಕಿಂತ ಜಾಸ್ತಿ.

ಮರುದಿನ ಬೆಳಿಗ್ಗೆ ಹೋದಾಗಲೂ ಅದೇ ಒಂದು ಗೆರೆ. ಮೇಸ್ತ್ರಿ ಚಾಪೆಯ ಮೇಲೆ ಮತ್ತೆ ಮಲಗಿದ್ದ. ಬಣ್ಣದ ಬಟ್ಟೆಚೂರು ನೋಡಿ ನೋಡಿ ಅವರವರ ಮೂಟೆ ಇಳಿಸಿಕೊಂಡರು. ಕೊನೆಯ ಮೂಟೆ ಇಳಿದ ಮೇಲೆ ಬೀಮು ಮೊದಲಿದ್ದ ಜಾಗಕ್ಕೆ ಹೋಯಿತು. ಎರಡು ಕಂಬಿಗಳೂ ಒಳಗೇ ಇದ್ದವು. ಇಲ್ಲದೆ ಇಷ್ಟು ಗಟ್ಟಿಯಾಗಿ ನಿಲ್ಲುವುದು ಸಾಧ್ಯವಿರಲಿಲ್ಲ. ಟೀಚರಮ್ಮ ಕಾಫಿ ತಂದರು. ನಾನು ಮೇಸ್ತ್ರಿಯ ಪಕ್ಕಕ್ಕೆ, ಈ ಸಲ ಪೂರ್ತಿ ಪಕ್ಕಕ್ಕೆ, ಹೋಗಿ ಕೂತು, ನಿನ್ನ ಮಾತನ್ನು ನಂಬದೆ ಹೋದೆ, ತಪ್ಪಾಯಿತು ಎಂದೆ.

"ನಂಬ್ಬೇಡಿ ಸಾ" ಎಂದ. "ನನ್ ಮೊಮ್ಮಗಳು ಕೂರ ಜಾಗ. ಯಾರ್ ಹೇಳುದ್ರೂವೆ ನಂಬ್ಬೇಡಿ, ನೋಡಿ."

ಆಮೇಲೆ ಅಂಗಾತ ಮಲಗಿದ್ದ ಹಾಗೇ ಬೆರಳೆತ್ತಿ ಕಿಟಕಿಯ ಪಕ್ಕದ ತಾರಸಿಯನ್ನು ತೋರಿಸಿದ.

"ಆದ್ರೆ ಫ್ಯಾನಿನ್ ಕೊಂಡಿ ಎಲ್ಲಿ ಸಾ?"

ನಾನು ತಲೆಯೆತ್ತಿ ನೋಡಿದೆ. ಟೀಚರಮ್ಮನೂ ನೋಡಿದರು. ತಾರಸಿ ನುಣ್ಣಗೆ, ಬೋಳಾಗಿ ಇತ್ತು.

"ನೆನ್ನೇನೆ ಕಂಡೆ" ಎಂದ ಮೇಸ್ತ್ರಿ. "ನೀವು ಕಂಬಿ ಯೋಚ್ನೇಲಿದ್ರಿ. ಒಂದೊಂದಾಗಿ ಆಗ್ಲಿ ಅಂತ ಸುಮ್ಕಿದ್ದೆ."

ಸ್ಕೂಟರಿನ ಹತ್ತಿರ ಹೋಗಿ ಸೀಟು ಎತ್ತಿದೆ. ರೇನ್‌ಕೋಟಿನ ಕೆಳಗೆ, ಹಳೆಯ ಪೇಪರಿನಲ್ಲಿ ಸುತ್ತಿದ ಹಾಗೇ, ಭದ್ರವಾಗಿ ಇತ್ತು. ಈಗ ತಾರಸಿ ಕೊರೆದು ಬೋಲ್ಟು ಹಾಕಿ ಫ್ಯಾನ್ ತೂಗುಹಾಕಬಹುದೆಂದು ಯಾರೋ ಹೇಳಿದರು. ಮಲಗಿದ ಮಕ್ಕಳ ಮೇಲೆ ಹಾಗೆ ತೂಗುವ ಫ್ಯಾನನ್ನು ನೆನೆಸಿಕೊಂಡರೆ ನನಗೆ ಜನ್ಮದಲ್ಲಿ ನಿದ್ದೆ ಬರುವುದಿಲ್ಲವೆಂದೆ. ಗೋಡೆಯ ಫ್ಯಾನೇ ಹಾಕಿಸಿ, ಪರವಾಗಿಲ್ಲ ಎಂದು ಟೀಚರಮ್ಮ ಹೇಳಿದರು. ಆದರೆ ಆ ಕೊಂಡಿಯನ್ನು ವಾಪಸು ಇಸಿದುಕೊಂಡರು. ಇನ್ನು ನನ್ನ ಹತ್ತಿರ ಬಿಡಲು ಅವರಿಗೆ ಧೈರ್ಯ ಬರಲಿಲ್ಲ.

ಪರೀಕ್ಷೆಯ ವರದಿಯಲ್ಲಿ 'ಕಂಡುಬಂದ ನ್ಯೂನತೆಗಳು' ಎಂದು ಒಂದು ಕಾಲಂ ಇದೆ. ನಮ್ಮ ಕಚೇರಿಯಲ್ಲಿ ಎಲ್ಲರೂ ಅಲ್ಲಿ ಒಂದು ಅಡ್ಡಗೆರೆ ಎಳೆಯುತ್ತಾರೆ, ನಾನೂ ಎಳೆಯುತ್ತಿದ್ದೆ. ಅವತ್ತು ಮೊದಲ ಸಲ ಬರೆದೆ: 'ಕಿಟಕಿಯ ಬಳಿ ಫ್ಯಾನಿನ ಕೊಂಡಿ ಇಲ್ಲ. ಇಂಜಿನಿಯರರ ಮರೆವು.' ಸೈನ್ ಹಾಕುವ ಮೊದಲು ಪೆನ್ನನ್ನು ಕೆಳಗಿಟ್ಟು, ಇನ್ನೊಂದು ಸಲ ಒಳಗೆ ಹೋಗಿ ತಲೆಯೆತ್ತಿ ನೋಡಿದೆ. ಕೊಂಡಿ ಇರಲಿಲ್ಲ. ಹೊರಗೆ ಬಂದು ಸೈನ್ ಹಾಕಿದೆ.